8 ಇಂಚಿನ ಡಾಬ್ಸೋನಿಯನ್‌ನಲ್ಲಿ 2 ಪಟ್ಟಿನ ಬಾರ್ಲೋ ಮಸೂರ: ಒಂದು ಬಳಕೆಯ ವಿಮರ್ಶೆ

1.25 ಇಂಚಿನ ಕುತ್ತಿಗೆಯ ಕಪ್ಪು ಅಲ್ಯೂಮಿನಿಯಂ ಕೊಳವೆ, ಅದರ ತಳದಲ್ಲಿ ಎರಡು ಗಾಜುಗಳನ್ನು ಕೂಡಿಸಿ ಮಾಡಿದ ನಿಮ್ನ ಮಸೂರ, ಮೇಲ್ತುದಿಯಲ್ಲಿ ಐಪೀಸನ್ನು (ಕಣ್ಣಿಟ್ಟು ನೋಡುವ ಚಿಕ್ಕ ಮಸೂರದ ಕೊಳವೆಯನ್ನು) ಬಿಗಿಹಿಡಿಯಲು ಒಂದು ತಿರುಪು: ದೂರದರ್ಶಕಕ್ಕೂ ಐಪೀಸಿಗೂ ನಡುವೆ ಸೇರಿಸಿ ಬಿಂಬವನ್ನು ಎರಡು ಪಟ್ಟು ವರ್ಧಿಸುವ ಸಾಮಾನ್ಯ ಬಾರ್ಲೋ ಎಂದರೆ ಇಷ್ಟೇ. ತೈವಾನ್ ಮತ್ತು ಚೀನಾದ ಕಾರ್ಖಾನೆಗಳಲ್ಲಿ ತಯಾರಾಗುವ ಈ ಮಾದರಿ ಹಲವು ಹೆಸರುಗಳನ್ನು ಹೊತ್ತು ಮಾರುಕಟ್ಟೆಗೆ ಬರುತ್ತದೆ. ಹೊರಗಿನ ಮುದ್ರೆ ಬೇರೆಯಾದರೂ ಒಳಗಿನ ರಚನೆ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಇಲ್ಲಿ ಬರೆಯುತ್ತಿರುವುದನ್ನು ಒಂದು ಕಂಪನಿಯ ಸರಕಿನ ವಿಮರ್ಶೆ ಎನ್ನುವುದಕ್ಕಿಂತ ಒಂದು ಬಗೆಯ ಸಾಧನದ ವಿಮರ್ಶೆ ಎಂದು ಓದಿಕೊಳ್ಳುವುದು ಸೂಕ್ತ. ನಾನು ಇದನ್ನು ಬಳಸುತ್ತಿರುವುದು 203 ಮಿಲಿಮೀಟರ್ ವ್ಯಾಸದ ದರ್ಪಣವುಳ್ಳ, 1200 ಮಿಲಿಮೀಟರ್ ಸಂಗಮದೂರದ (ದರ್ಪಣದಿಂದ ಬೆಳಕು ಕೂಡುವ ಬಿಂದುವಿನವರೆಗಿನ ದೂರ) ಡಾಬ್ಸೋನಿಯನ್ ದೂರದರ್ಶಕದಲ್ಲಿ, ಅಂದರೆ ಕೈಯಿಂದ ತಳ್ಳಿ ತಿರುಗಿಸುವ ಸರಳ ಪೀಠದ ದರ್ಪಣ ದೂರದರ್ಶಕದಲ್ಲಿ, ಬೆಂಗಳೂರಿನ ಒಂದು ಮನೆಯ ತಾರಸಿಯ ಮೇಲೆ. ದೂರದರ್ಶಕದ ಜೊತೆಗೇ ಬಂದ 25 ಮತ್ತು 10 ಮಿಲಿಮೀಟರಿನ ಐಪೀಸ್‌ಗಳು ಹಾಗೂ ಆಮೇಲೆ ಕೊಂಡ 15 ಮಿಲಿಮೀಟರಿನ ಪ್ಲಾಸಲ್ ಎಂಬ ಸಾಮಾನ್ಯ ಮಾದರಿಯ ಐಪೀಸ್ ಇದರ ಸಂಗಾತಿಗಳು.

ಮೊದಲೇ ನನ್ನ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ಇದು ಕೊಳ್ಳತಕ್ಕ ವಸ್ತು. ಆದರೆ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಕಾರಣಕ್ಕಾಗಿ ಅಲ್ಲ. ವರ್ಧನೆ ಹೆಚ್ಚುತ್ತದೆ ಎಂಬುದು ಬಾರ್ಲೋ ಮಸೂರದ ಎರಡನೆಯ ಗುಣ. ಹೆಚ್ಚಿನ ವರ್ಧನೆಯಲ್ಲಿಯೂ ಕಣ್ಣಿಗೆ ಆಯಾಸವಾಗದಂತೆ, ರೆಪ್ಪೆ ಗಾಜಿಗೆ ತಾಗದಂತೆ ಆರಾಮವಾಗಿ ನೋಡಬಹುದು ಎಂಬುದೇ ಅದರ ಮೊದಲ ಗುಣ. ಇದನ್ನು ತಿಳಿದು ಕೊಂಡವರಿಗೆ ಈ ಸಾಧನ ವರ್ಷಗಟ್ಟಲೆ ಸೇವೆ ಸಲ್ಲಿಸುತ್ತದೆ. ಕೇವಲ ದೊಡ್ಡ ಸಂಖ್ಯೆಯ ಆಸೆಗೆ ಕೊಂಡವರ ಮನೆಯಲ್ಲಿ ಕೆಲವೇ ವಾರಗಳಲ್ಲಿ ಡ್ರಾಯರ್ ಸೇರುತ್ತದೆ.

ಕೆಲಸ ಮಾಡುವ ಬಗೆ ಸರಳವಾಗಿದೆ. ದೂರದರ್ಶಕದ ದರ್ಪಣವು ಬೆಳಕನ್ನು ಒಂದು ಶಂಕುವಿನ ಆಕಾರದಲ್ಲಿ ಕೂಡಿಸುತ್ತಾ ತರುತ್ತದೆ. ಆ ಶಂಕುವಿನ ತುದಿ ಸೇರುವ ಬಿಂದುವಿಗೆ ಸ್ವಲ್ಪ ಮುಂಚೆ ನಿಮ್ನ ಮಸೂರವನ್ನು ಅಡ್ಡ ಇಟ್ಟರೆ ಕಿರಣಗಳು ಅಷ್ಟು ಬೇಗ ಕೂಡಿಕೊಳ್ಳದೆ, ಇನ್ನಷ್ಟು ದೂರ ಸಾಗಿ, ಇನ್ನಷ್ಟು ಕಿರಿದಾದ ಕೋನದಲ್ಲಿ ಸೇರುತ್ತವೆ. ಐಪೀಸಿನ ಪಾಲಿಗೆ ಇದು ದೂರದರ್ಶಕದ ಸಂಗಮದೂರವೇ ಹೆಚ್ಚಾದಂತೆ: ನನ್ನ 1200 ಮಿಲಿಮೀಟರ್ 2400 ಆಗುತ್ತದೆ, ಎಫ್ ಸಂಖ್ಯೆ (ಸಂಗಮದೂರವನ್ನು ವ್ಯಾಸದಿಂದ ಭಾಗಿಸಿದರೆ ಬರುವುದು) ಎಫ್/5.9 ಇದ್ದದ್ದು ಎಫ್/11.8 ಆಗುತ್ತದೆ. ಎಷ್ಟು ಪಟ್ಟು ಎಂಬುದನ್ನು ನಿರ್ಧರಿಸುವುದು ಮಸೂರವೊಂದೇ ಅಲ್ಲ; ಮಸೂರಕ್ಕೂ ಐಪೀಸಿನ ಸಂಗಮತಲಕ್ಕೂ (ಬಿಂಬ ಮೂಡಬೇಕಾದ ತಲಕ್ಕೂ) ನಡುವೆ ಇರುವ ಅಂತರವೂ ಅಷ್ಟೇ ಮುಖ್ಯ. ಆ ಅಂತರವನ್ನು ಮಸೂರದ ಸಂಗಮದೂರದಿಂದ ಭಾಗಿಸಿ ಒಂದನ್ನು ಕೂಡಿಸಿದರೆ ವರ್ಧನೆಯ ಪಟ್ಟು ಸಿಗುತ್ತದೆ. 75 ಮಿಲಿಮೀಟರ್ ಸಂಗಮದೂರದ ಬಾರ್ಲೋದಿಂದ 75 ಮಿಲಿಮೀಟರ್ ದೂರದಲ್ಲಿ ಐಪೀಸ್ ಕುಳಿತರೆ ಎರಡು ಪಟ್ಟು. ನಡುವೆ ಅಷ್ಟೇ ಉದ್ದದ ಇನ್ನೊಂದು ಕೊಳವೆಯನ್ನು ಸೇರಿಸಿದರೆ ಮೂರು ಪಟ್ಟು. ಮಸೂರವನ್ನು ಹಿಡಿದಿರುವ ಭಾಗವನ್ನಷ್ಟೇ ಕೊಳವೆಯಿಂದ ಬಿಚ್ಚಿ, ಫಿಲ್ಟರ್ ಹಾಕುವ ಎಳೆಗಳ ಮೂಲಕ ನೇರವಾಗಿ ಐಪೀಸಿನ ತಳಕ್ಕೆ ತಿರುಗಿಸಿದರೆ ಅಂತರ ಕಡಿಮೆಯಾಗಿ ಸುಮಾರು ಒಂದೂವರೆ ಪಟ್ಟು. ಹೀಗೆ ಒಂದೇ ಸಾಧನದಿಂದ ಎರಡು ಮೂರು ಬಗೆಯ ವರ್ಧನೆ ದೊರೆಯುತ್ತದೆ. ಆದ್ದರಿಂದ ಕೊಳ್ಳುವಾಗ ಮಸೂರದ ಭಾಗ ಬಿಚ್ಚಿ ಬರುತ್ತದೆಯೇ ಎಂದು ಕೇಳಿ ನೋಡುವುದು ಒಳ್ಳೆಯದು.

ಈ ಮಸೂರಕ್ಕೆ ತನ್ನ ಹೆಸರನ್ನು ಕೊಟ್ಟ ಪೀಟರ್ ಬಾರ್ಲೋ (1776–1862) ಇಂಗ್ಲೆಂಡಿನ ವೂಲಿಚ್‌ನ ಸೈನಿಕ ಅಕಾಡೆಮಿಯಲ್ಲಿ ಗಣಿತದ ಅಧ್ಯಾಪಕನಾಗಿದ್ದ. ಅವನ ಲೆಕ್ಕಾಚಾರದ ಪ್ರಕಾರ ವರ್ಣದೋಷವಿಲ್ಲದ, ಅಂದರೆ ಬಿಂಬದ ಅಂಚಿಗೆ ಬಣ್ಣ ಬಳಿಯದ, ನಿಮ್ನ ಮಸೂರವನ್ನು ತಯಾರಿಸಿದವನು ಲಂಡನ್ನಿನ ಜಾರ್ಜ್ ಡಾಲಂಡ್. ಇಬ್ಬರ ಬರಹಗಳೂ 1834ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾದವು. ಡಾಲಂಡ್‌ನ ಬರಹದ ಮುಖ್ಯ ಕಾಳಜಿ ಗಮನಾರ್ಹವಾಗಿದೆ. ಯಮಳ ನಕ್ಷತ್ರಗಳ (ಜೋಡಿಯಾಗಿ ಕಾಣುವ ನಕ್ಷತ್ರಗಳ) ನಡುವಿನ ಅಂತರವನ್ನು ಅಳೆಯುವ ಮೈಕ್ರೋಮೀಟರಿನಲ್ಲಿ ಸೂಕ್ಷ್ಮವಾದ ತಂತಿಗಳಿರುತ್ತವೆ. ಐಪೀಸನ್ನು ಬದಲಿಸಿ ವರ್ಧನೆಯನ್ನು ಹೆಚ್ಚಿಸಿದರೆ ನಕ್ಷತ್ರಗಳ ಜೊತೆಗೆ ತಂತಿಯೂ ದಪ್ಪವಾಗಿ ಕಾಣಿಸಿ ಅಳತೆ ಕೆಡುತ್ತದೆ. ತಂತಿಗಳಿಗೂ ಮುಂಚೆ ನಿಮ್ನ ಮಸೂರವನ್ನು ಇಟ್ಟರೆ ಬಿಂಬ ಮಾತ್ರ ದೊಡ್ಡದಾಗಿ, ತಂತಿ ಇದ್ದಷ್ಟೇ ತೆಳುವಾಗಿ ಉಳಿಯುತ್ತದೆ. ಅಂದರೆ ಹುಟ್ಟಿನಿಂದಲೇ ಇದು ಅಳತೆಗಾರರ ಅನುಕೂಲಕ್ಕೆ ಬಂದ ಸಾಧನ. ಪೆಟ್ಟಿಗೆಯ ಮೇಲೆ ಸಂಖ್ಯೆಯನ್ನು ಉಬ್ಬಿಸಿ ಮಾರುವ ಪರಿಪಾಠ ಬಹಳ ಈಚಿನದು.

ಆ ಪರಿಪಾಠದ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾಗದು. ಮೊದಲ ಬಾರಿ ದೂರದರ್ಶಕ ಕೊಳ್ಳುವವರಿಗೆ ಅಂಗಡಿಗಳಲ್ಲಿಯೂ ಆನ್‌ಲೈನ್‌ನಲ್ಲಿಯೂ ಹೆಚ್ಚಾಗಿ ಸಿಗುವುದು 70 ಮಿಲಿಮೀಟರ್ ವ್ಯಾಸದ, 700 ಮಿಲಿಮೀಟರ್ ಸಂಗಮದೂರದ ಮಸೂರ ದೂರದರ್ಶಕ. ಅದರೊಡನೆ ಅನೇಕ ವೇಳೆ 4 ಮಿಲಿಮೀಟರಿನ ಐಪೀಸ್ ಮತ್ತು 3 ಪಟ್ಟಿನ ಬಾರ್ಲೋ ಇರುತ್ತವೆ. ಎಲ್ಲವನ್ನೂ ಒಂದರ ಮೇಲೊಂದು ಜೋಡಿಸಿ ಲೆಕ್ಕ ಹಾಕಿದರೆ 525 ಪಟ್ಟು ವರ್ಧನೆ ಬರುತ್ತದೆ. ಗಣಿತ ಸರಿಯಾಗಿಯೇ ಇದೆ, ನೋಡಲು ಮಾತ್ರ ಏನೂ ಇರುವುದಿಲ್ಲ. ದೂರದರ್ಶಕದ ವ್ಯಾಸವನ್ನು ಮಿಲಿಮೀಟರಿನಲ್ಲಿ ಹೇಳಿ ಅದನ್ನು ಎರಡರಿಂದ ಗುಣಿಸಿದರೆ ಬರುವುದೇ ಉಪಯುಕ್ತ ವರ್ಧನೆಯ ಮೇಲ್ಮಿತಿ ಎಂಬುದು ಹವ್ಯಾಸಿಗಳೆಲ್ಲರೂ ಪಾಲಿಸುವ ನಿಯಮ. 70 ಮಿಲಿಮೀಟರಿಗೆ ಅದು 140. ಅದನ್ನು ದಾಟಿದ ಮೇಲೆ ಬಿಂಬ ದೊಡ್ಡದಾಗುತ್ತದೆಯೇ ಹೊರತು ಹೊಸ ವಿವರವೇನೂ ಅದರಲ್ಲಿ ಸೇರುವುದಿಲ್ಲ. ಹಿಟ್ಟು ಅಷ್ಟೇ ಇರುವಾಗ ದೋಸೆಯನ್ನು ಎಷ್ಟು ಹರಡಿದರೂ ಅದು ತೆಳುವಾಗುತ್ತದೆಯಲ್ಲದೆ ಹೊಟ್ಟೆ ತುಂಬಿಸುವುದಿಲ್ಲ. ವರ್ಧನೆ ಇಮ್ಮಡಿಯಾದಾಗ ಬಿಂಬದ ಹೊಳಪು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ ಎಂಬುದನ್ನು ನೆನಪಿಟ್ಟರೆ ಸಾಕು.

ನನ್ನ 203 ಮಿಲಿಮೀಟರಿಗೆ ಇದೇ ನಿಯಮದಂತೆ ಮೇಲ್ಮಿತಿ 400ರ ಸುಮಾರು. ಆದರೆ ಅಷ್ಟು ದೂರ ಹೋಗಲು ವಾತಾವರಣ ಬಿಡುವುದಿಲ್ಲ. ಬೆಂಗಳೂರಿನ ಸಾಧಾರಣ ರಾತ್ರಿಯಲ್ಲಿ 160 ಪಟ್ಟು ನೆಮ್ಮದಿಯಾಗಿ ನಡೆಯುತ್ತದೆ, ಒಳ್ಳೆಯ ರಾತ್ರಿಯಲ್ಲಿ 240. ಅದಕ್ಕೂ ಮೇಲೆ ಹೋಗುವ ರಾತ್ರಿಗಳು ಅಪರೂಪ. ಬಾರ್ಲೋ ಇಲ್ಲದೆ ನನ್ನ ಮೂರು ಐಪೀಸ್‌ಗಳು 48, 80 ಮತ್ತು 120 ಪಟ್ಟು ವರ್ಧಿಸುತ್ತವೆ. ಬಾರ್ಲೋ ಸೇರಿದರೆ 96, 160 ಮತ್ತು 240. ಆರು ಮೆಟ್ಟಿಲುಗಳೂ ಬೇರೆ ಬೇರೆಯಾಗಿವೆ ಎಂಬುದನ್ನು ಗಮನಿಸಬೇಕು. 20 ಮತ್ತು 10 ಮಿಲಿಮೀಟರಿನ ಐಪೀಸ್‌ಗಳನ್ನು ಇಟ್ಟುಕೊಂಡವರು 2 ಪಟ್ಟಿನ ಬಾರ್ಲೋ ಕೊಂಡರೆ 20ರ ಐಪೀಸ್ ಬಾರ್ಲೋ ಸಹಿತ 10ರಂತೆಯೇ ವರ್ತಿಸಿ ಒಂದು ಮೆಟ್ಟಿಲು ವ್ಯರ್ಥವಾಗುತ್ತದೆ. ಹಣ ಕೊಡುವ ಮುನ್ನ ಒಂದು ಚೀಟಿಯ ಮೇಲೆ ಈ ಲೆಕ್ಕವನ್ನು ಬರೆದು ನೋಡುವುದಕ್ಕೆ ಐದು ನಿಮಿಷ ಸಾಕು.

ಅಚ್ಚಾಗಿರುವ "2 ಪಟ್ಟು" ನಿಜವಾಗಿ ಎರಡೇ ಪಟ್ಟೇ ಎಂಬುದನ್ನು ಪರೀಕ್ಷಿಸಲು ಒಂದು ಸುಲಭವಾದ ದಾರಿಯಿದೆ. ಮಹಾವ್ಯಾಧ (ಒರಾಯನ್) ಮಂಡಲದ ಸೊಂಟಪಟ್ಟಿಯ ಮೂರು ನಕ್ಷತ್ರಗಳಲ್ಲಿ ಪಶ್ಚಿಮ ತುದಿಯಲ್ಲಿರುವ ಮಿಂಟಕಾ ಹೆಚ್ಚುಕಡಿಮೆ ಖಗೋಳ ವಿಷುವದ್ವೃತ್ತದ ಮೇಲೆಯೇ ಇದೆ. ದೂರದರ್ಶಕವನ್ನು ಅಲುಗಿಸದೆ, ಆ ನಕ್ಷತ್ರ ಐಪೀಸಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಡುವಿನಲ್ಲಿ ಹಾದು ಹೋಗಲು ಎಷ್ಟು ಹೊತ್ತು ಬೇಕೆಂಬುದನ್ನು ಮೊದಲು ಬಾರ್ಲೋ ಇಲ್ಲದೆ, ಅನಂತರ ಬಾರ್ಲೋ ಹಾಕಿ ಗಡಿಯಾರದಲ್ಲಿ ನೋಡಬೇಕು. ಎರಡು ಕಾಲಗಳ ಅನುಪಾತವೇ ಬಾರ್ಲೋದ ನಿಜವಾದ ಪಟ್ಟು. ನನ್ನದು ಎರಡಕ್ಕಿಂತ ತುಸು ಹೆಚ್ಚಾಗಿಯೇ ಬಂತು. ಐಪೀಸಿನ ಸಂಗಮತಲ ಒಂದೊಂದರಲ್ಲಿ ಒಂದೊಂದು ಕಡೆ ಇರುವುದರಿಂದ ಐಪೀಸ್ ಬದಲಾದಂತೆ ಈ ಅನುಪಾತವೂ ಸ್ವಲ್ಪ ಬದಲಾಗುತ್ತದೆ. ಅದನ್ನು ದೋಷವೆಂದು ಎಣಿಸಬೇಕಾಗಿಲ್ಲ.

ಬಾರ್ಲೋದ ಗುಣಮಟ್ಟವನ್ನು ಒರೆಗೆ ಹಚ್ಚಲು ಚಂದ್ರನಿಗಿಂತ ಗುರುಗ್ರಹ ಹೆಚ್ಚು ನಿಷ್ಠುರವಾದ ಪರೀಕ್ಷಕ. ಇದಕ್ಕೆ ಕಾರಣವಿದೆ. ದರ್ಪಣವು ಎಲ್ಲ ಬಣ್ಣಗಳನ್ನೂ ಒಂದೇ ಬಗೆಯಾಗಿ ಪ್ರತಿಫಲಿಸುವುದರಿಂದ ಡಾಬ್ಸೋನಿಯನ್ನಿಗೆ ತನ್ನದೇ ಆದ ವರ್ಣದೋಷವಿಲ್ಲ. ಗ್ರಹವು ದಿಗಂತದ ಹತ್ತಿರ ಇದ್ದರೆ ವಾತಾವರಣವೇ ಪಟ್ಟಕದಂತೆ ವರ್ತಿಸಿ ಒಂದು ಅಂಚಿಗೆ ಕೆಂಪನ್ನೂ ಇನ್ನೊಂದಕ್ಕೆ ನೀಲಿಯನ್ನೂ ಬಳಿಯುತ್ತದೆ; ನೆತ್ತಿಯ ಹತ್ತಿರ ಆ ತೊಂದರೆಯೂ ಇಲ್ಲ. 2026ರ ಜನವರಿಯಲ್ಲಿ ಗುರು ಮಿಥುನ ರಾಶಿಯಲ್ಲಿ ಸೂರ್ಯನಿಗೆ ನೇರ ಎದುರಾಗಿದ್ದಾಗ, ನಡುರಾತ್ರಿಯ ಹೊತ್ತಿಗೆ ಬೆಂಗಳೂರಿನ ನೆತ್ತಿಯಿಂದ ಹತ್ತು ಡಿಗ್ರಿಯೊಳಗೆ ಹಾದುಹೋಗುತ್ತಿತ್ತು. ಅಂಥ ಸನ್ನಿವೇಶದಲ್ಲಿ ಗ್ರಹದ ಸುತ್ತ ನೇರಳೆಯ ಅಂಚು ಕಂಡರೆ ಅದರ ಹೊಣೆಯನ್ನು ಬಾರ್ಲೋ ಅಥವಾ ಐಪೀಸ್ ಹೊರಬೇಕು, ಬೇರೆ ಯಾರೂ ಅಲ್ಲ. ಎರಡು ಗಾಜುಗಳ ಈ ಬಾರ್ಲೋದಲ್ಲಿ ಬಿಂಬದ ನಡುವೆ ಬಣ್ಣದ ಅಂಚು ನನಗೆ ಕಾಣಿಸಲಿಲ್ಲ. ಗ್ರಹವನ್ನು ದೃಶ್ಯಕ್ಷೇತ್ರದ ಅಂಚಿಗೆ ತಳ್ಳಿದಾಗ ಮಾತ್ರ ತೆಳ್ಳನೆಯ ಬಣ್ಣದ ಗೆರೆಯೊಂದು ಬಂತು, ಅದರಲ್ಲಿ ಐಪೀಸಿನ ಪಾಲೂ ಇರಬಹುದಾದಷ್ಟು ಅಲ್ಪವಾಗಿ. ಅದೇ ರಾತ್ರಿ ಸ್ನೇಹಿತರೊಬ್ಬರ ಚಿಕ್ಕ ದೂರದರ್ಶಕದೊಡನೆ ಬಂದಿದ್ದ 3 ಪಟ್ಟಿನ ಪ್ಲಾಸ್ಟಿಕ್ ಬಾರ್ಲೋವನ್ನು ಇದೇ ಡಾಬ್ಸೋನಿಯನ್ನಿಗೆ ಹಾಕಿ ನೋಡಿದಾಗ ಗುರುವಿನ ಸುತ್ತ ನೀಲಿಯ ಪ್ರಭೆಯೇ ಎದ್ದಿತು, ಪಟ್ಟಿಗಳ ಅಂಚು ಕರಗಿಹೋಯಿತು. ಒಂಟಿ ಗಾಜಿನ ಮಸೂರಕ್ಕೂ ಎರಡು ಗಾಜುಗಳನ್ನು ಲೆಕ್ಕಹಾಕಿ ಕೂಡಿಸಿದ ಮಸೂರಕ್ಕೂ ನಡುವಿನ ವ್ಯತ್ಯಾಸವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ.

160 ಪಟ್ಟಿನಲ್ಲಿ ಗುರುವಿನ ಸಮಭಾಜಕದ ಎರಡು ದಪ್ಪ ಪಟ್ಟಿಗಳ ಅಂಚಿನ ಏರಿಳಿತಗಳು, ಧ್ರುವಗಳ ಕಡೆಯ ತೆಳುವಾದ ಪಟ್ಟಿಗಳು, ದೊಡ್ಡ ಕೆಂಪು ಕಲೆ ಎದುರಿಗೆ ಬಂದಿರುವಾಗ ಅದರ ಸುತ್ತಲಿನ ತಗ್ಗು ಇವೆಲ್ಲ ತಾಳ್ಮೆಯಿಂದ ನೋಡಿದರೆ ಕಾಣುತ್ತವೆ. 240ರಲ್ಲಿ ಬಿಂಬ ಬರಿಗಣ್ಣಿಗೆ ಕಾಣುವ ಪೂರ್ಣಚಂದ್ರನ ಆರರಷ್ಟು ಅಗಲವಾಗುತ್ತದೆ, ಆದರೆ ಗಾಳಿಯ ಅಲುಗಾಟವೂ ಅಷ್ಟೇ ಹಿಗ್ಗುತ್ತದೆ. ಇಲ್ಲಿಯೇ ಡಾಬ್ಸೋನಿಯನ್ನಿನ ಇನ್ನೊಂದು ಮಿತಿಯೂ ಎದುರಾಗುತ್ತದೆ. ಮೋಟಾರು ಇಲ್ಲದ ಪೀಠದಲ್ಲಿ, 52 ಡಿಗ್ರಿ ದೃಶ್ಯಕ್ಷೇತ್ರದ ಐಪೀಸ್ ಹಾಕಿ 240 ಪಟ್ಟು ವರ್ಧಿಸಿದರೆ ಗ್ರಹ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒಂದು ನಿಮಿಷದೊಳಗೆ ಹಾದುಹೋಗುತ್ತದೆ; 48 ಪಟ್ಟಿನಲ್ಲಿ ಅದಕ್ಕೆ ನಾಲ್ಕು ನಿಮಿಷಕ್ಕೂ ಹೆಚ್ಚು ಕಾಲ ಬೇಕು. ಕೊಳವೆಯನ್ನು ಮೆಲ್ಲಗೆ ತಳ್ಳಿ, ಅಲುಗಾಟ ನಿಲ್ಲುವವರೆಗೆ ಕಾದು, ನೋಡಲು ತೊಡಗುವಷ್ಟರಲ್ಲಿ ಗ್ರಹ ಅರ್ಧ ದಾರಿ ಕ್ರಮಿಸಿರುತ್ತದೆ. ನೆತ್ತಿಯ ಹತ್ತಿರವಂತೂ ಪೀಠವನ್ನು ಅಡ್ಡಕ್ಕೆ ತಿರುಗಿಸುವುದು ತೊಡಕಿನ ಕೆಲಸ. ಹೀಗಾಗಿ ಕುಟುಂಬದವರಿಗೋ ಮಕ್ಕಳಿಗೋ ಗ್ರಹವನ್ನು ತೋರಿಸುವಾಗ ನಾನು 120ನ್ನು ದಾಟುವುದಿಲ್ಲ, ಅಂದರೆ ಬಾರ್ಲೋವನ್ನು ಜೇಬಿನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಪ್ರತಿಯೊಬ್ಬರ ಸರದಿಗೂ ಗ್ರಹ ಜಾರಿಹೋಗಿದ್ದರೆ ತೋರಿಸುವವನಿಗೂ ನೋಡುವವರಿಗೂ ಬೇಸರ.

ಚಂದ್ರನ ವಿಷಯದಲ್ಲಿ ಬಾರ್ಲೋ ಉದಾರಿ. ಬೆಳಕಿಗೆ ಅಲ್ಲಿ ಕೊರತೆಯಿಲ್ಲವಾದ್ದರಿಂದ ಹೊಳಪು ಕಡಿಮೆಯಾದಷ್ಟೂ ಕಣ್ಣಿಗೆ ಹಿತ. ಬಿದಿಗೆ ತದಿಗೆಯ ಚಂದ್ರ ಪಡುವಣದಲ್ಲಿ ತೀರ ಕೆಳಗಿದ್ದು ಅಲುಗಾಡುತ್ತಿರುತ್ತಾನೆ. ಅಷ್ಟಮಿಯಿಂದ ದ್ವಾದಶಿಯವರೆಗಿನ ರಾತ್ರಿಗಳು ಇದಕ್ಕೆ ಹೇಳಿ ಮಾಡಿಸಿದಂಥವು. ಕೋಪರ್ನಿಕಸ್ ಕುಳಿಯ ಮೆಟ್ಟಿಲು ಮೆಟ್ಟಿಲಾದ ಒಳಗೋಡೆ, ಕ್ಲೇವಿಯಸ್ಸಿನ ವಿಸ್ತಾರವಾದ ನೆಲದ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಕಮಾನಿನಾಕಾರದಲ್ಲಿ ಸಾಗುವ ಕಿರುಕುಳಿಗಳ ಸಾಲು, ನೇರಗೋಡೆ ಎಂದು ಪ್ರಸಿದ್ಧವಾದ ನೂರು ಕಿಲೋಮೀಟರಿಗೂ ಉದ್ದದ ಕರಿಗೆರೆ, ಇವುಗಳನ್ನು 96ರಲ್ಲಿ ಹುಡುಕಿ 160ರಲ್ಲಿ ನೋಡುವುದು ನನ್ನ ಅಭ್ಯಾಸ. ಪ್ಲೇಟೋ ಕುಳಿಯ ನಯವಾದ ಕಪ್ಪು ನೆಲದಲ್ಲಿರುವ ಎರಡು ಕಿಲೋಮೀಟರಿನ ಆಸುಪಾಸಿನ ಕಿರುಕುಳಿಗಳು 240 ಪಟ್ಟಿನಲ್ಲಿ, ಅದೂ ಗಾಳಿ ಸಂಪೂರ್ಣ ನಿಂತ ಕ್ಷಣಗಳಲ್ಲಿ ಮಾತ್ರ, ಬಿಳಿಯ ಚುಕ್ಕೆಗಳಾಗಿ ಬಂದು ಹೋಗುತ್ತವೆ. ಈ ಬಾರ್ಲೋದ ಒಂದು ದೌರ್ಬಲ್ಯ ಗೊತ್ತಾದದ್ದು ಚಂದ್ರನನ್ನು ನೋಡುವಾಗಲೇ. ಕೊಳವೆಯ ಒಳಮೈಗೆ ಬಳಿದ ಕಪ್ಪು ಬಣ್ಣ ಸಾಕಷ್ಟು ಮಾಸಲಾಗಿಲ್ಲದ ಕಾರಣ, ಚಂದ್ರ ದೃಶ್ಯಕ್ಷೇತ್ರದ ಹೊರಗೆ ತುಸು ಸರಿದಿದ್ದಾಗ ಒಳಗೋಡೆಯಿಂದ ಪ್ರತಿಫಲಿಸಿದ ಬೆಳಕು ಹಿನ್ನೆಲೆಯನ್ನು ಬೂದಿಯಾಗಿಸುತ್ತದೆ. ಹಗಲಿನಲ್ಲಿ ಬಾರ್ಲೋವನ್ನು ಕಿಟಕಿಯ ಕಡೆಗೆ ಹಿಡಿದು ಒಳಗೆ ನೋಡಿದರೆ ಹೊಳೆಯುವ ಉಂಗುರವಾಗಿ ಈ ಕೊರತೆ ತಾನೇ ತೋರಿಕೊಳ್ಳುತ್ತದೆ. ಅಂಗಡಿಯಲ್ಲಿ ಕೊಳ್ಳುವವರು ಈ ಪರೀಕ್ಷೆಯನ್ನು ಅಲ್ಲಿಯೇ ಮಾಡಬಹುದು. ಒಳಮೈಗೆ ಮಾಸಲು ಕಪ್ಪು ಕಾಗದದ ಸುರುಳಿಯನ್ನು ಅಂಟಿಸಿದ ಮೇಲೆ ನನ್ನದರಲ್ಲಿ ತೊಂದರೆ ಬಹುಮಟ್ಟಿಗೆ ಹೋಗಿದೆ.

ಯಮಳ ನಕ್ಷತ್ರಗಳು ಬಾರ್ಲೋದ ಮೂಲ ಕ್ಷೇತ್ರವೆಂದು ಮೇಲೆ ಹೇಳಿದೆ. ಇಂದಿಗೂ ಅದರ ನಿಜವಾದ ಬೆಲೆ ತಿಳಿಯುವುದು ಅಲ್ಲಿಯೇ. ಪುನರ್ವಸುವಿನ ಎರಡು ನಕ್ಷತ್ರಗಳಲ್ಲಿ ಒಂದಾದ ಕ್ಯಾಸ್ಟರ್ 96ರಲ್ಲಿಯೇ ಎರಡಾಗಿ, 160ರಲ್ಲಿ ನಡುವೆ ಕಪ್ಪು ಅಂತರ ಬಿಟ್ಟು ನಿಲ್ಲುತ್ತದೆ. ಸಿಂಹ ರಾಶಿಯ ಆಲ್ಜೀಬಾದ ಹೊಂಬಣ್ಣದ ಜೋಡಿ 160ರಲ್ಲಿ ಅತ್ಯಂತ ಚೆಲುವಾಗಿ ಕಾಣುತ್ತದೆ. ವೀಣಾ ಮಂಡಲದ ಜೋಡಿಯ ಜೋಡಿ, ಅಂದರೆ ಎಪ್ಸಿಲಾನ್ ಲೈರೇ, ಎರಡು ಕಡೆಯೂ ಸುಮಾರು 2.3 ಆರ್ಕ್ ಸೆಕೆಂಡುಗಳಷ್ಟು (ಒಂದು ಆರ್ಕ್ ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲಿ ಒಂದು ಭಾಗ) ಹತ್ತಿರದ ಜೋಡಿಗಳನ್ನು ಹೊಂದಿದ್ದು, 160ರಲ್ಲಿ ನಾಲ್ಕೂ ಬಿಡಿಬಿಡಿಯಾಗಿ ಕಂಡರೆ ದರ್ಪಣದ ಜೋಡಣೆ ಸರಿಯಾಗಿದೆ ಎಂದರ್ಥ. 203 ಮಿಲಿಮೀಟರಿನ ದೂರದರ್ಶಕ ಸಿದ್ಧಾಂತದ ಪ್ರಕಾರ 0.6 ಆರ್ಕ್ ಸೆಕೆಂಡಿನಷ್ಟು ಹತ್ತಿರದ ಜೋಡಿಯನ್ನೂ ಬೇರ್ಪಡಿಸಬಲ್ಲುದು. ಬಾರ್ಲೋ ಆ ಶಕ್ತಿಯನ್ನು ಹೆಚ್ಚಿಸುವುದಿಲ್ಲ, ದರ್ಪಣ ಈಗಾಗಲೇ ಬೇರ್ಪಡಿಸಿದ್ದನ್ನು ಕಣ್ಣು ಗುರುತಿಸುವಷ್ಟು ದೊಡ್ಡದು ಮಾಡುತ್ತದೆ, ಅಷ್ಟೇ.

ದಕ್ಷಿಣದ ಆಲ್ಫಾ ಸೆಂಟಾರಿ ಇದಕ್ಕೆ ವಿರುದ್ಧವಾದ ಪಾಠವನ್ನು ಹೇಳುತ್ತದೆ. ಅದು ಯಮಳ ನಕ್ಷತ್ರವೆಂಬುದನ್ನು 1689ರ ಡಿಸೆಂಬರಿನಲ್ಲಿ ಮೊದಲು ಕಂಡವನು ಪುದುಚೇರಿಯಲ್ಲಿದ್ದ ಜೆಸ್ಯುಯಿಟ್ ಪಾದ್ರಿ ಝಾನ್ ರಿಷೋ. ಅಂದು ಅವನು ನೋಡುತ್ತಿದ್ದದ್ದು ಒಂದು ಧೂಮಕೇತುವನ್ನು. ಬೆಂಗಳೂರಿನಿಂದ ಈ ನಕ್ಷತ್ರ ದಕ್ಷಿಣ ದಿಗಂತದ ಮೇಲೆ ಹೆಚ್ಚೆಂದರೆ 16 ಡಿಗ್ರಿ ಏರುತ್ತದೆ. ಮೇ ತಿಂಗಳ ರಾತ್ರಿಯಲ್ಲಿ ಬಾರ್ಲೋ ಹಾಕಿ ನೋಡಿದರೆ ಎರಡು ನಕ್ಷತ್ರಗಳೂ ಬಣ್ಣಬಣ್ಣದ ಜ್ವಾಲೆಗಳಂತೆ ನಲುಗುತ್ತವೆ, ತೆಗೆದರೆ ಎರಡು ಚುಕ್ಕೆಗಳಾಗಿ ಸುಮ್ಮನಾಗುತ್ತವೆ. ತಗ್ಗಿನಲ್ಲಿರುವ ಕಾಯಗಳಿಗೆ ಹೆಚ್ಚಿನ ವರ್ಧನೆ ಪ್ರಯೋಜನಕ್ಕಿಲ್ಲ. ನಗರದ ತಾರಸಿಗಳ ಇನ್ನೊಂದು ಸಮಸ್ಯೆಯನ್ನೂ ಇಲ್ಲಿಯೇ ಹೇಳಬೇಕು: ಹಗಲೆಲ್ಲ ಕಾದ ಕಾಂಕ್ರೀಟು ಸಂಜೆಯಿಂದ ತಾಪವನ್ನು ಬಿಡುತ್ತಲೇ ಇರುತ್ತದೆ, ಮನೆಯೊಳಗಿಂದ ತಂದ ದರ್ಪಣವೂ ಹೊರಗಿನ ಗಾಳಿಗೆ ತಣಿಯಲು ಒಂದು ಗಂಟೆ ಕೇಳುತ್ತದೆ. ಬಾರ್ಲೋ ಹಾಕಿದ ಬಿಂಬ ಕಲಕುತ್ತಿದ್ದರೆ ಗಾಜನ್ನು ದೂರುವ ಮುನ್ನ ಈ ಎರಡು ಕಾರಣಗಳನ್ನು ಪರಿಶೀಲಿಸಬೇಕು. ಮಂಜು ಮುಸುಕಿದ ಚಳಿಗಾಲದ ಬೆಳಗಿನ ಜಾವ, ನಕ್ಷತ್ರಗಳು ಮಂಕಾಗಿ ಮಿನುಗದೆ ನಿಂತಿರುವ ಹೊತ್ತು, 240 ಪಟ್ಟಿಗೆ ಅತ್ಯುತ್ತಮ ಎಂಬುದು ನನ್ನ ಅನುಭವ.

ಶನಿಯ ಬಗ್ಗೆ ಹೆಚ್ಚು ಬರೆಯುವ ಕಾಲ ಇದಲ್ಲ. 2025ರ ಮಾರ್ಚಿನಲ್ಲಿ ಉಂಗುರಗಳ ಸಮತಲವನ್ನು ಭೂಮಿ ದಾಟಿದ ಮೇಲೆ ಅವು ಇನ್ನೂ ನಿಧಾನವಾಗಿ ತೆರೆದುಕೊಳ್ಳುತ್ತಿವೆ. ಉಂಗುರಗಳ ನಡುವಿನ ಕಪ್ಪು ಅಂತರವಾದ ಕ್ಯಾಸಿನಿ ಸೀಳನ್ನು ಬಾರ್ಲೋದ ಪರೀಕ್ಷೆಯಾಗಿ ಬಳಸಲು ಇನ್ನಷ್ಟು ಕಾಯಬೇಕು. ನೀಹಾರಿಕೆ ಮತ್ತು ಗೆಲಾಕ್ಸಿಗಳಿಗೆ ಬಾರ್ಲೋ ಬೇಡವೇ ಬೇಡ. ಹರ್ಕ್ಯುಲೀಸ್ ಮಂಡಲದ ಎಂ13ರಂಥ ಗೋಳಗುಚ್ಛಗಳು (ಚೆಂಡಿನಂತೆ ಒತ್ತಾಗಿ ಕೂಡಿದ ನಕ್ಷತ್ರಗಳ ಗುಂಪುಗಳು) ಮಾತ್ರ ಇದಕ್ಕೆ ಅಪವಾದ: ವರ್ಧನೆ ಹೆಚ್ಚಿದಂತೆ ನಗರದ ಬೆಳಕಿನಿಂದ ಬೆಳ್ಳಗಾದ ಹಿನ್ನೆಲೆ ಕಪ್ಪಾಗಿ, ಅಂಚಿನ ನಕ್ಷತ್ರಗಳು ಬಿಡಿಬಿಡಿಯಾಗಿ ಹೊಮ್ಮುತ್ತವೆ.

ಈಗ ಮೊದಲ ಗುಣಕ್ಕೆ ಬರುತ್ತೇನೆ. ಪ್ಲಾಸಲ್ ಮಾದರಿಯ ಐಪೀಸಿನಲ್ಲಿ ಗಾಜಿನಿಂದ ಕಣ್ಣನ್ನು ಎಷ್ಟು ದೂರ ಇಡಬಹುದು ಎಂಬುದು ಅದರ ಸಂಗಮದೂರದ ಸುಮಾರು 70 ಶೇಕಡದಷ್ಟಿರುತ್ತದೆ. ನನ್ನ ದೂರದರ್ಶಕದಲ್ಲಿ 160 ಪಟ್ಟು ಬೇಕಾದರೆ 7.5 ಮಿಲಿಮೀಟರಿನ ಪ್ಲಾಸಲ್ ಬೇಕು. ಅದರಲ್ಲಿ ಕಣ್ಣಿಗೆ ಸಿಗುವ ಅವಕಾಶ ಸುಮಾರು 5 ಮಿಲಿಮೀಟರ್. ರೆಪ್ಪೆಯ ಕೂದಲು ಗಾಜನ್ನು ಸವರುತ್ತದೆ, ಕಣ್ಣಿನ ತೇವ ಅದರ ಮೇಲೆ ಕೂರುತ್ತದೆ, ಉಸಿರು ಬಿಗಿಹಿಡಿದು ನೋಡಬೇಕಾಗುತ್ತದೆ. ಅದೇ 160 ಪಟ್ಟನ್ನು 15 ಮಿಲಿಮೀಟರಿನ ಪ್ಲಾಸಲ್ ಮತ್ತು ಬಾರ್ಲೋದಿಂದ ಪಡೆದರೆ 15ರ ಐಪೀಸಿನ 10 ಮಿಲಿಮೀಟರಿನ ಅವಕಾಶ ಹಾಗೆಯೇ ಉಳಿಯುತ್ತದೆ, ಬಾರ್ಲೋ ಕಿರಣಗಳನ್ನು ಹರಡುವುದರಿಂದ ಇನ್ನೂ ಸ್ವಲ್ಪ ಹೆಚ್ಚುತ್ತದೆ. ಗ್ರಹವೀಕ್ಷಣೆ ಎಂದರೆ ಗಾಳಿ ನಿಲ್ಲುವ ಕ್ಷಣಕ್ಕಾಗಿ ಅರ್ಧ ಗಂಟೆ, ಒಂದು ಗಂಟೆ ಕಣ್ಣಿಟ್ಟು ಕೂರುವ ಕೆಲಸವಾದ್ದರಿಂದ ಈ ಐದಾರು ಮಿಲಿಮೀಟರಿನ ವ್ಯತ್ಯಾಸ ಯಾವ ಲೇಪನಕ್ಕಿಂತಲೂ ಯಾವ ವಿಶೇಷ ಗಾಜಿಗಿಂತಲೂ ಹೆಚ್ಚು ವಿವರವನ್ನು ತೋರಿಸಿಕೊಡುತ್ತದೆ. ದೃಷ್ಟಿದೋಷಕ್ಕಾಗಿ ಕನ್ನಡಕವನ್ನು ತೆಗೆಯಲಾಗದವರಿಗೆ 10 ಮಿಲಿಮೀಟರ್ ಕೂಡ ಸಾಲದು. ಅವರು 25ರ ಐಪೀಸನ್ನು ಬಾರ್ಲೋದೊಡನೆ ಬಳಸಿ 96 ಪಟ್ಟಿನಲ್ಲಿ ಆರಾಮವಾಗಿ ನೋಡಬಹುದು.

ಇದರ ಜೊತೆಗೇ ಬರುವ ಇನ್ನೊಂದು ಲಾಭವನ್ನು ಬಹಳ ಜನ ಗಮನಿಸುವುದಿಲ್ಲ. ಎಫ್/5.9ರ ಕಡಿದಾದ ಬೆಳಕಿನ ಶಂಕುವನ್ನು ಅಗ್ಗದ ಐಪೀಸ್‌ಗಳು ಅಂಚಿನವರೆಗೆ ಸರಿಯಾಗಿ ನಿಭಾಯಿಸಲಾರವು. ಅಂಚಿನ ನಕ್ಷತ್ರಗಳು ಚುಕ್ಕೆಗಳಾಗದೆ ಗೆರೆಗಳಾಗುತ್ತವೆ. ಬಾರ್ಲೋ ಹಾಕಿದಾಗ ಅದೇ ಐಪೀಸಿಗೆ ಸಿಗುವುದು ಎಫ್/11.8ರ ಸೌಮ್ಯವಾದ ಶಂಕು. ದೂರದರ್ಶಕದೊಡನೆ ಬಂದ 25ರ ಐಪೀಸ್ ಒಂಟಿಯಾಗಿ ಸಾಧಾರಣ, ಬಾರ್ಲೋದ ಸಂಗಡ ಗೌರವಾನ್ವಿತ. ದರ್ಪಣದ ಸ್ವಂತ ಕೋಮಾ ದೋಷವನ್ನು (ಅಂಚಿನ ನಕ್ಷತ್ರಗಳಿಗೆ ಬಾಲ ಮೂಡಿಸುವ ದೋಷವನ್ನು) ಮಾತ್ರ ಬಾರ್ಲೋ ಸರಿಪಡಿಸುವುದಿಲ್ಲ.

ದುಬಾರಿ ಪರ್ಯಾಯಗಳ ಬಗ್ಗೆ. ಮೂರು ಗಾಜುಗಳ ಅಪೋಕ್ರೊಮ್ಯಾಟಿಕ್ (ವರ್ಣದೋಷವನ್ನು ಇನ್ನಷ್ಟು ತಗ್ಗಿಸಿದ) ಬಾರ್ಲೋಗಳಿವೆ, ಸೆಲೆಸ್ಟ್ರಾನ್‌ನ ಎಕ್ಸ್-ಸೆಲ್ ಎಲ್‌ಎಕ್ಸ್ ಅವುಗಳಲ್ಲಿ ಪರಿಚಿತ. ಅದಕ್ಕೂ ಮೇಲಿನ ಮೆಟ್ಟಿಲಿನಲ್ಲಿ ಟೆಲಿ ವ್ಯೂ ಕಂಪನಿಯ ನಾಲ್ಕು ಗಾಜುಗಳ ಪವರ್‌ಮೇಟ್. ಪವರ್‌ಮೇಟ್ ಕಿರಣಗಳನ್ನು ಹರಡಿ ಬಿಡುವುದಿಲ್ಲ, ಎರಡನೆಯ ಜೋಡಿ ಗಾಜಿನಿಂದ ಮತ್ತೆ ಸಮಾಂತರಕ್ಕೆ ತರುತ್ತದೆ. ಹೀಗಾಗಿ ಉದ್ದ ಸಂಗಮದೂರದ ಐಪೀಸ್‌ಗಳಲ್ಲಿ ಬಾರ್ಲೋ ಉಂಟುಮಾಡುವ ತೊಡಕು, ಅಂದರೆ ಕಣ್ಣನ್ನು ಇಡಬೇಕಾದ ಜಾಗ ತೀರ ಹಿಂದಕ್ಕೆ ಸರಿದು ಅಂಚಿನಲ್ಲಿ ನೆರಳು ಮೂಡುವುದು, ಅದರಲ್ಲಿ ಇಲ್ಲ. ಸ್ನೇಹಿತರೊಬ್ಬರ 2.5 ಪಟ್ಟಿನ ಪವರ್‌ಮೇಟನ್ನು ಇದೇ ದೂರದರ್ಶಕದಲ್ಲಿ ನೋಡಿದ್ದೇನೆ. ಹಿನ್ನೆಲೆ ಇನ್ನಷ್ಟು ಕಪ್ಪು, ಗುರುವಿನ ಅಂಚು ಇನ್ನಷ್ಟು ಚೊಕ್ಕ. ವ್ಯತ್ಯಾಸವಿದೆ, ಆದರೆ ಬೆಲೆಯಲ್ಲಿರುವ ವ್ಯತ್ಯಾಸದಷ್ಟು ಅಲ್ಲ. ಆ ಹಣದಲ್ಲಿ ಒಂದು ಸಾಧಾರಣ ಬಾರ್ಲೋ ಮತ್ತು ಎರಡು ಒಳ್ಳೆಯ ಐಪೀಸ್‌ಗಳು ಬರುವಾಗ, ಕ್ಯಾಮೆರಾ ಹಿಡಿಯದ ವೀಕ್ಷಕನಿಗೆ ಪವರ್‌ಮೇಟ್ ಅನಿವಾರ್ಯವೆಂದು ನಾನು ಹೇಳಲಾರೆ.

ಕ್ಯಾಮೆರಾ ಹಿಡಿಯುವವರ ಲೆಕ್ಕ ಬೇರೆ. ಗ್ರಹಗಳ ಚಿತ್ರ ತೆಗೆಯುವವರು ಪಿಕ್ಸೆಲ್ಲಿನ ಅಳತೆಯನ್ನು ಮೈಕ್ರಾನ್‌ಗಳಲ್ಲಿ ಹೇಳಿ ಐದರಿಂದ ಗುಣಿಸಿದಷ್ಟು ಎಫ್ ಸಂಖ್ಯೆಯನ್ನು ಗುರಿಯಾಗಿಟ್ಟುಕೊಳ್ಳುತ್ತಾರೆ: 2.9 ಮೈಕ್ರಾನ್ ಪಿಕ್ಸೆಲ್ಲಿಗೆ ಎಫ್/14.5. ನನ್ನ ದೂರದರ್ಶಕದಲ್ಲಿ ಅದಕ್ಕೆ ಎರಡೂವರೆ ಪಟ್ಟು ಬೇಕು, 2 ಪಟ್ಟಿನ ಬಾರ್ಲೋಗೆ ಒಂದು ಚಿಕ್ಕ ಕೊಳವೆಯನ್ನು ಸೇರಿಸಿದರೆ ಅಲ್ಲಿಗೆ ತಲುಪಬಹುದು. ಡಾಬ್ಸೋನಿಯನ್‌ಗಳಿಗೆ ಡಿಎಸ್‌ಎಲ್‌ಆರ್ ಕ್ಯಾಮೆರಾ ಜೋಡಿಸಿದಾಗ ಫೋಕಸರ್ (ಐಪೀಸನ್ನು ಹಿಡಿದು ಒಳಕ್ಕೂ ಹೊರಕ್ಕೂ ಸರಿಸುವ ಭಾಗ) ಒಳಕ್ಕೆ ಸಾಕಷ್ಟು ಹೋಗದೆ ಬಿಂಬ ಸ್ಪಷ್ಟವಾಗುವುದೇ ಇಲ್ಲ ಎಂಬ ದೂರು ಸಾಮಾನ್ಯ. ಬಾರ್ಲೋ ಸಂಗಮತಲವನ್ನು ಹೊರಕ್ಕೆ ತಳ್ಳುವುದರಿಂದ ಆ ದೂರಿಗೂ ಅನೇಕ ವೇಳೆ ಪರಿಹಾರ ಸಿಗುತ್ತದೆ.

ದರ್ಪಣಗಳ ಜೋಡಣೆಯನ್ನು ಸರಿಪಡಿಸಲು ಬಳಸುವ ಲೇಸರ್ ಕೊಲಿಮೇಟರ್ ಇಟ್ಟುಕೊಂಡವರಿಗೆ ಬಾರ್ಲೋದಿಂದ ಇನ್ನೊಂದು ಉಪಯೋಗವಿದೆ. ಸ್ವೀಡನ್ನಿನ ಹವ್ಯಾಸಿ ನಿಲ್ಸ್ ಓಲೋಫ್ ಕಾರ್ಲಿನ್ ಪ್ರಚಾರಕ್ಕೆ ತಂದ ಉಪಾಯದಂತೆ, ಲೇಸರನ್ನು ಬಾರ್ಲೋದ ಮೂಲಕ ಹಾಯಿಸಿದರೆ ಕಿರಣ ಹರಡಿಕೊಂಡು ಮುಖ್ಯ ದರ್ಪಣದ ನಡುವಿನ ಉಂಗುರದ ಗುರುತನ್ನು ಬೆಳಗಿಸುತ್ತದೆ. ಆ ಉಂಗುರದ ನೆರಳು ಮರಳಿ ಬಂದು ಬಾರ್ಲೋದ ಮುಖದ ಮೇಲೆ ಬೀಳುತ್ತದೆ. ನಡುವೆ ರಂಧ್ರವಿರುವ ಬಿಳಿಯ ಕಾಗದದ ಬಿಲ್ಲೆಯನ್ನು ಅಲ್ಲಿ ಅಂಟಿಸಿ, ನೆರಳು ರಂಧ್ರದ ಸುತ್ತ ಸಮನಾಗಿ ಕೂರುವವರೆಗೆ ದರ್ಪಣದ ತಿರುಪುಗಳನ್ನು ಹೊಂದಿಸಿದರೆ ಮುಖ್ಯ ದರ್ಪಣದ ಜೋಡಣೆ ಮುಗಿಯಿತು. ಲೇಸರ್ ತನ್ನ ಗೂಡಿನಲ್ಲಿ ಸ್ವಲ್ಪ ಓರೆಯಾಗಿದ್ದರೂ ಈ ವಿಧಾನ ತಪ್ಪುವುದಿಲ್ಲವಾದ್ದರಿಂದ ಅಗ್ಗದ ಲೇಸರ್ ಕೂಡ ಕೆಲಸಕ್ಕೆ ಬರುತ್ತದೆ.

ನಿರ್ಮಾಣದ ವಿಷಯದಲ್ಲಿ ನನ್ನ ಆಕ್ಷೇಪ ಒಂದೇ. ಐಪೀಸನ್ನು ಹಿಡಿಯುವ ತಿರುಪು ನೇರವಾಗಿ ಐಪೀಸಿನ ಲೋಹಕ್ಕೆ ಒತ್ತುತ್ತದೆ. ಇದರಿಂದ ಗೀರು ಬೀಳುವುದಲ್ಲದೆ ಐಪೀಸ್ ತುಸು ಓರೆಯಾಗಿ ಕೂರುತ್ತದೆ. ಒಳಗೆ ಹಿತ್ತಾಳೆಯ ಪಟ್ಟಿ ಇರುವ ಮಾದರಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಹಾಗೂ ಮಳೆಗಾಲದ ಮಲೆನಾಡಿನವರು ಬಾರ್ಲೋವನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಲದೊಡನೆ ಇಡಬೇಕು, ಬಳಸಿದ ಕೂಡಲೇ ಇಬ್ಬನಿ ಆರುವ ಮುನ್ನ ಮುಚ್ಚಳ ಹಾಕಬಾರದು. ಗಾಜಿನ ಮೇಲೆ ಒಮ್ಮೆ ಬೇರೂರಿದ ಬೂಷ್ಟು ಲೇಪನವನ್ನು ತಿನ್ನದೆ ಬಿಡುವುದಿಲ್ಲ. 70 ಮಿಲಿಮೀಟರಿನ ದೂರದರ್ಶಕದೊಡನೆ 3 ಪಟ್ಟಿನ ಪ್ಲಾಸ್ಟಿಕ್ ಬಾರ್ಲೋ ಬಂದಿರುವವರು ಅದನ್ನು 20 ಮಿಲಿಮೀಟರಿನ ಐಪೀಸಿನೊಡನೆ ಮಾತ್ರ ಬಳಸಿ, 105 ಪಟ್ಟಿನಲ್ಲಿ ಚಂದ್ರನನ್ನು ನೋಡಲಿ. 4 ಮಿಲಿಮೀಟರಿನ ಐಪೀಸಿನ ಸಂಗಡ ಅದನ್ನು ಜೋಡಿಸುವ ಶ್ರಮ ಬೇಡ. ಮುಂದೆ ಹಣ ಕೂಡಿದಾಗ ಅವರು ಮೊದಲು ಕೊಳ್ಳಬೇಕಾದದ್ದು ಇನ್ನೊಂದು ಬಾರ್ಲೋವನ್ನಲ್ಲ, 10 ಮಿಲಿಮೀಟರಿನ ಆಸುಪಾಸಿನ ಒಂದು ಒಳ್ಳೆಯ ಐಪೀಸನ್ನು.